ರಜೆ ಚೀಟಿಯ ಹಿಂದಿನ ಕಾನೂನು

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಗಳೊಬ್ಬಳಿಗೆ ಕಾಮಾಲೆ ಬಂತು ಎನ್ನಿ. ಮೂರು ವಾರ ವಿಶ್ರಾಂತಿ ಬೇಕು ಎನ್ನುತ್ತಾರೆ ವೈದ್ಯರು. ‘ನಾಳೆಯಿಂದ ಬರಲೇಬೇಡ’ ಎನ್ನುತ್ತಾನೆ ಸೂಪರ್‌ವೈಸರ್. ಆಕೆ ಸುಮ್ಮನಾಗುತ್ತಾಳೆ.

ಸುಮ್ಮನಾಗಬೇಕಿಲ್ಲ. ಆಕೆಯ ಸಂಬಳದ ಚೀಟಿಯಲ್ಲಿ ‘ಇಎಸ್‌ಐ’ (ನೌಕರರ ರಾಜ್ಯ ವಿಮೆ) ಎಂಬ ಸಾಲಿದೆ. ಕೂಲಿಯ ಶೇ 0.75ರಷ್ಟು ಆಕೆಯಿಂದ, ಶೇ 3.25ರಷ್ಟು ಮಾಲೀಕರಿಂದ ಅಲ್ಲಿಗೆ ಸೇರುತ್ತದೆ. ವಂತಿಗೆ ಕಟ್ಟಿದ ದಿನಗಳು ಭರ್ತಿಯಾಗಿದ್ದರೆ, ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ 70ರಷ್ಟು ಹಣ ಸಿಗಬೇಕು. ಆ ಹಣ ಪಡೆಯುವ ಅವಧಿಯಲ್ಲಿ ಕೆಲಸದಿಂದ ಕಿತ್ತುಹಾಕಲು ಕಾನೂನಿನ ತಡೆಯಿದೆ.

ಹಕ್ಕಿದೆ, ಕೇಳುವ ದಾರಿ ಗೊತ್ತಿಲ್ಲ. ವಕೀಲರ ಫೀಸು ನೆನೆದೇ ಎಷ್ಟೋ ಜನ ಹಿಂದೆ ಸರಿಯುತ್ತಾರೆ. ಆದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೂ ಕೈಗಾರಿಕಾ ಕಾರ್ಮಿಕರಿಗೂ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100.

ಹಾಜರಿ ಯಂತ್ರದ ಪಕ್ಕದ ಗೋಡೆಯ ಮೇಲೆ ಈ ಸಂಖ್ಯೆಯನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಸುವುದನ್ನು ಕಾರ್ಮಿಕ ಇಲಾಖೆ ಕಡ್ಡಾಯ ಮಾಡಬೇಕು. ಕಾರ್ಮಿಕರೂ ವೈದ್ಯರ ಪ್ರಮಾಣಪತ್ರ, ಸಂಬಳದ ಚೀಟಿ, ರಜೆ ಕೇಳಿ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ ಮೂರನ್ನೂ ಜೋಪಾನವಾಗಿಟ್ಟುಕೊಳ್ಳಲಿ. ವಕೀಲರು ಮೊದಲು ಕೇಳುವುದೇ ಅವನ್ನು.