ಭಂಗಾರದಲ್ಲಿ ಬಂಗಾರ

ನಮ್ಮ ಮನೆಗಳ ಹುಡುಗರು ವಿಡಿಯೋ ಗೇಮಿನ ಮುಂದೆ ಕುಳಿತು ಕಾಲಹರಣ ಮಾಡುತ್ತಾರೆಂಬ ದೂರು ಸಂಘದ ಸಭೆಗಳಲ್ಲಿಯೂ ಮದುವೆಯ ಚಪ್ಪರಗಳಲ್ಲಿಯೂ ಕೇಳಿಬರುತ್ತಿದೆ. ದೂರು ಪೂರ್ಣ ಸುಳ್ಳಲ್ಲ. ಆದರೆ ಹುಡುಗನು ಅಲ್ಲಿ ಮಾಡುತ್ತಿರುವುದೇನೆಂದು ಬಗ್ಗಿ ನೋಡಿದ ಹಿರಿಯರು ವಿರಳ. ನೋಡಿದ್ದಾದರೆ ತಮಗೆ ಚಿರಪರಿಚಿತವಾದ ಒಂದು ಕಸುಬೇ ಅವರ ಕಣ್ಣಿಗೆ ಬಿದ್ದೀತು. ಊರಿನಲ್ಲಿ ಅದಕ್ಕೆ ಗುಜರಿಯೆನ್ನುವರು; ಮುಂಬಯಿಯಲ್ಲಿ ಭಂಗಾರ.

2015ರಲ್ಲಿ ಹೊರಬಂದ ‘ಫಾಲ್‌ಔಟ್ 4’ ಎಂಬ ಆಟವನ್ನೇ ತೆಗೆದುಕೊಳ್ಳೋಣ. ಅಣುಯುದ್ಧದಿಂದ ಹಾಳುಬಿದ್ದ ಅಮೆರಿಕದ ಬಾಸ್ಟನ್ ಸೀಮೆಯು ಅದರ ರಂಗಸ್ಥಳ. ಆಟಗಾರನು ಪಾಳುಮನೆಗಳಿಂದ ಮೇಜಿನ ಫ್ಯಾನು, ಟೈಪ್‌ರೈಟರು, ಖಾಲಿ ಡಬ್ಬಿಗಳನ್ನು ಆಯ್ದು ತರುತ್ತಾನೆ. ಫ್ಯಾನನ್ನು ಕಳಚಿದರೆ ಸ್ಕ್ರೂ, ಗೇರು, ಉಕ್ಕು ದೊರೆಯುತ್ತವೆ. ತನಗೆ ಬೇಡವಾದ ಬಂದೂಕು, ಕವಚಗಳನ್ನೂ ಹಾಗೆಯೇ ಬಿಚ್ಚಿ, ಬಂದ ಸಾಮಗ್ರಿಯಿಂದ ಹಾಸಿಗೆ, ನೀರಿನ ಪಂಪು, ಕಾವಲಿನ ಯಂತ್ರಗಳನ್ನು ನಿರ್ಮಿಸಿ ಒಂದು ವಸತಿಯನ್ನೇ ಎಬ್ಬಿಸುತ್ತಾನೆ. ‘ಸ್ಕ್ರ್ಯಾಪರ್’ ಎಂಬ ವಿದ್ಯೆಯನ್ನು ಸಾಧಿಸಿದವನಿಗೆ ಅದೇ ಆಯುಧಗಳಿಂದ ಇತರರಿಗೆ ದಕ್ಕದ ತಾಮ್ರ, ಅಲ್ಯುಮಿನಿಯಂಗಳೂ ದಕ್ಕುತ್ತವೆ.

ಹೋಟೆಲಿನ ಅಡಿಗೆಮನೆಯನ್ನು ಬಲ್ಲ ನಮಗೆ ಈ ನ್ಯಾಯ ಹೊಸದಲ್ಲ. ಉಳಿದ ಇಡ್ಲಿ ಉಪ್ಪಿಟ್ಟಾಗುವುದು. ತೂತುಬಿದ್ದ ತಾಮ್ರದ ಹಂಡೆ ತೂಕಕ್ಕೆ ಹೋಗಿ ಹೊಸ ಪಾತ್ರೆಯ ಬೆಲೆಯಲ್ಲಿ ವಜಾ ಆಗುವುದು. ವಸ್ತುವಿನ ರೂಪ ಕೆಟ್ಟರೂ ದ್ರವ್ಯ ಕೆಡದು. ಬುದ್ಧಿವಾದಕ್ಕೆ ಕಿವಿಗೊಡದ ಹುಡುಗನು ಇದನ್ನು ಆಟದಿಂದ ಕಲಿತನಾದರೆ ಆಕ್ಷೇಪಿಸಲು ಕಾರಣವಿಲ್ಲ.

ಇದು ಬರಿಯ ಕಲ್ಪನೆಯೂ ಅಲ್ಲ. ಟೋಕಿಯೋ ಒಲಿಂಪಿಕ್ಸಿಗಾಗಿ ಜಪಾನಿನ ಜನರು 2017ರಿಂದ 2019ರ ವರೆಗೆ ತಮ್ಮ ಹಳೆಯ ಉಪಕರಣಗಳನ್ನು ದಾನವಾಗಿ ಕೊಟ್ಟರು. ಸುಮಾರು 79,000 ಟನ್ ಸರಕು ಕೂಡಿತು; ಅದರಲ್ಲಿ 62 ಲಕ್ಷಕ್ಕೂ ಮಿಕ್ಕಿ ಮೊಬೈಲುಗಳಿದ್ದವು. ಅವುಗಳಿಂದ ಸುಮಾರು 32 ಕಿಲೋ ಚಿನ್ನವೂ 3,500 ಕಿಲೋ ಬೆಳ್ಳಿಯೂ ಹೊರಬಂದು, 2021ರಲ್ಲಿ ನಡೆದ ಆ ಕ್ರೀಡಾಕೂಟದ ಪದಕಗಳಾದವು. ಭಂಗಾರದಲ್ಲಿ ಬಂಗಾರವಿದೆಯೆಂಬುದು ಶ್ಲೇಷೆ ಮಾತ್ರವಲ್ಲವೆಂದಾಯಿತು.

ಆದರೆ ಆಟವು ಪಾಠದ ಅರ್ಧವನ್ನು ಮಾತ್ರ ಹೇಳುತ್ತದೆ. ಅಲ್ಲಿ ಗುಂಡಿಯೊತ್ತಿದರೆ ಫ್ಯಾನು ಕ್ಷಣದಲ್ಲಿ ಸ್ಕ್ರೂಗಳಾಗುವುದು. ಹೊಗೆಯಿಲ್ಲ, ಕೈಗೆ ಗಾಯವಿಲ್ಲ. ದಿಲ್ಲಿಯ ಸೀಲಂಪುರದಲ್ಲಿ ಆ ಗುಂಡಿಯನ್ನೊತ್ತುವುದು ಮನುಷ್ಯನ ಬರಿಗೈ. ತಾಮ್ರಕ್ಕಾಗಿ ತಂತಿಯನ್ನು ಸುಡುವರು; ಲೋಹಕ್ಕಾಗಿ ಸರ್ಕ್ಯೂಟಿನ ಹಲಗೆಯನ್ನು ಆಮ್ಲದಲ್ಲಿ ಅದ್ದುವರು. ಸೀಸ, ಪಾದರಸ, ಕ್ಯಾಡ್ಮಿಯಂಗಳ ವಿಷವು ಗಾಳಿಯನ್ನೂ ನೆಲವನ್ನೂ ಸೇರುವುದು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರೇ ಇಂಥ ಕೆಲಸಕ್ಕೆ ಹೆಚ್ಚಾಗಿ ಕೈಹಾಕುವವರು. ನಾವೂ ಊರು ಬಿಟ್ಟು ಬಂದವರೇ ಎಂಬುದನ್ನು ಮರೆಯಲಾಗದು.

ಕಾನೂನು ಇಲ್ಲದಿಲ್ಲ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಹಳೆಯ ಉಪಕರಣಗಳನ್ನು ನೋಂದಾಯಿತ ಘಟಕಗಳ ಮೂಲಕ ಸಂಸ್ಕರಿಸುವ ಹೊಣೆಯನ್ನು ಅವು ತಯಾರಕರ ಮೇಲೆ ಹೊರಿಸಿವೆ. ಆದರೆ ನಮ್ಮ ಕಪಾಟಿನಲ್ಲಿ ನಿದ್ರಿಸುವ ಮೊಬೈಲು ತಾನಾಗಿ ಎದ್ದು ಅಲ್ಲಿಗೆ ನಡೆಯಲಾರದು.

ಹಾಗಾದರೆ ಬಾಗಿಲಿಗೆ ಬರುವ ಭಂಗಾರವಾಲಾನ ಅನ್ನದ ಗತಿಯೇನೆಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಕಾಗದ, ಕಬ್ಬಿಣ, ಬಾಟಲಿಗಳನ್ನು ಅವನಿಗೇ ಕೊಡೋಣ. ಅವನ ಶ್ರಮವಿಲ್ಲದೆ ಈ ನಗರಗಳು ಒಂದು ವಾರವೂ ಬಾಳಲಾರವು. ಸರ್ಕ್ಯೂಟು, ಬ್ಯಾಟರಿಗಳಿರುವ ಸರಕು ಮಾತ್ರ ಸಲಕರಣೆಯುಳ್ಳ ಕಡೆಗೆ ಹೋಗಲಿ. ಆ ಘಟಕಗಳು ಇವನಂಥವರನ್ನೇ ಸಂಬಳ, ಕೈಗವಸುಗಳೊಡನೆ ಸೇರಿಸಿಕೊಳ್ಳಲಿ. ಅವನ ಕೈಚಳಕವನ್ನು ಉಳಿಸಿಕೊಂಡು ವಿಷವನ್ನು ಮಾತ್ರ ತಪ್ಪಿಸುವುದು ಅಸಾಧ್ಯವಲ್ಲ.

ನಮ್ಮ ಕನ್ನಡ ಸಂಘಗಳಿಗೆ ಇದು ಕೈಗೆಟುಕುವ ಕಾರ್ಯ. ವರ್ಷಕ್ಕೊಮ್ಮೆ ಸಂಘದ ಸಭಾಂಗಣದಲ್ಲಿ ಒಂದು ಪೆಟ್ಟಿಗೆಯನ್ನಿರಿಸಿ, ಸದಸ್ಯರ ಹಳೆಯ ಮೊಬೈಲು, ಚಾರ್ಜರುಗಳನ್ನು ಕೂಡಿಸಿ ನೋಂದಾಯಿತ ಘಟಕಕ್ಕೆ ಒಪ್ಪಿಸಬಹುದು. ಮೇಲ್ವಿಚಾರಣೆಯನ್ನು ಆ ಹುಡುಗರಿಗೇ ವಹಿಸೋಣ. ಪರದೆಯ ಮೇಲೆ ಊರು ಕಟ್ಟಬಲ್ಲವರು ಇಷ್ಟನ್ನು ಮಾಡಲಾರರೇ? ಕಾರ್ಯದರ್ಶಿಗಳು ಮುಂದಿನ ಸಭೆಯಲ್ಲಿ ಈ ವಿಷಯವನ್ನೆತ್ತಬೇಕೆಂದು ನಮ್ಮ ವಿನಂತಿ.