ಅಭಿಮಾನವು ಭಕ್ತಿಯಲ್ಲ



2006ರ ಏಪ್ರಿಲ್ 12ರಂದು ವರನಟ ಡಾ. ರಾಜಕುಮಾರ್ ಅವರು ಬೆಂಗಳೂರಿನ ಸದಾಶಿವನಗರದ ತಮ್ಮ ನಿವಾಸದಲ್ಲಿ ಹೃದಯಾಘಾತದಿಂದ ನಿಧನ ಹೊಂದಿದರು. ಆ ದಿನವೂ ಮರುದಿನವೂ ರಾಜಧಾನಿಯಲ್ಲಿ ನಡೆದುದನ್ನು ಕನ್ನಡಿಗರು ಇಂದಿಗೂ ತಲೆತಗ್ಗಿಸಿಯೇ ನೆನೆಯಬೇಕಾಗಿದೆ. ಬಸ್ಸುಗಳು ಉರಿದವು, ಕಚೇರಿಗಳ ಗಾಜುಗಳು ಪುಡಿಯಾದವು, ಅಶ್ರುವಾಯು ಸಿಡಿಯಿತು, ಗೋಲಿಬಾರು ನಡೆಯಿತು. ಎಂಟು ಜೀವಗಳು ಹೋದವು. ಅವರಲ್ಲೊಬ್ಬರು ಬಂದೋಬಸ್ತಿನ ಕರ್ತವ್ಯದಲ್ಲಿದ್ದ ಪೊಲೀಸ್ ಸಿಬ್ಬಂದಿ. ಗುಂಪಿನ ಹೊಡೆತಕ್ಕೆ ಸಿಕ್ಕಿ ಹತರಾದರು. ಶರಣರ ಮಾತಿನಲ್ಲಿ ಹೇಳುವುದಾದರೆ, ತಮ್ಮ ಕಾಯಕದಲ್ಲಿ ನಿರತರಾಗಿದ್ದ ಒಬ್ಬ ಕಾಯಕಜೀವಿ ಕಾಯಕದ ಸ್ಥಳದಲ್ಲಿಯೇ ಕೊಲ್ಲಲ್ಪಟ್ಟರು. ಕೊಂದವರು ತಾವು ದುಃಖತಪ್ತರೆಂದು ಹೇಳಿಕೊಳ್ಳುತ್ತಿದ್ದರು.

ಇಂತಹ ಘಟನೆಗಳನ್ನು ‘ಭಕ್ತಿಯ ಅತಿರೇಕ’ ಎಂದು ಬಣ್ಣಿಸುವ ರೂಢಿಯೊಂದಿದೆ. ಈ ಮಾತನ್ನು ಖಂಡಿಸಲೇಬೇಕು. ಭಕ್ತಿಗೆ ಅತಿರೇಕವಿಲ್ಲವೆಂದಲ್ಲ, ಇದೆ. ಆದರೆ ಅದು ಯಾವ ದಿಕ್ಕಿಗೆ ಹರಿಯುತ್ತದೆಂಬುದನ್ನು ನೋಡಬೇಕಾದರೆ ಬೇಡರ ಕಣ್ಣಪ್ಪನನ್ನು ನೆನೆಯಬೇಕು. ಅರವತ್ತುಮೂವರು ಪುರಾತನರಲ್ಲಿ ಒಬ್ಬನಾದ ಈ ಬೇಡನನ್ನು ಬಸವಾದಿ ಪ್ರಮಥರು ಆದರದಿಂದ ಸ್ಮರಿಸಿದ್ದಾರೆ. ಹರಿಹರನು ಅವನ ಮೇಲೆ ರಗಳೆಯನ್ನೇ ರಚಿಸಿದ್ದಾನೆ. ಕಾಳಹಸ್ತಿಯ ಲಿಂಗದ ಕಣ್ಣಿನಿಂದ ನೆತ್ತರು ಸುರಿದಾಗ ಅವನು ತನ್ನ ಕಣ್ಣನ್ನು ಕಿತ್ತು ಅಲ್ಲಿಟ್ಟನು. ಎರಡನೆಯ ಕಣ್ಣಿನಲ್ಲಿಯೂ ನೆತ್ತರು ಕಂಡಾಗ, ಕುರುಡನಾದ ಮೇಲೆ ಆ ಸ್ಥಳ ತಿಳಿಯದೆಂದು ಗುರುತಿಗೆ ತನ್ನ ಪಾದವನ್ನೇ ಊರಿ, ಉಳಿದ ಕಣ್ಣಿಗೂ ಬಾಣವಿಡಹೋದನು. ಇದಕ್ಕಿಂತ ಮಿಗಿಲಾದ ಅತಿರೇಕ ಯಾವುದಿದೆ? ಆದರೂ ಆ ಕಾಡಿನಲ್ಲಿ ಅವನು ಅನ್ಯರೊಬ್ಬರ ಕಣ್ಣನ್ನು ಕೇಳಲಿಲ್ಲ. ಶಿವನಿಗೆ ನೋವಾಯಿತೆಂದು ದಾರಿಹೋಕರ ಮೇಲೆ ಬಾಣ ಬಿಡಲಿಲ್ಲ.

1954ರಲ್ಲಿ ತೆರೆಕಂಡ ‘ಬೇಡರ ಕಣ್ಣಪ್ಪ’ ರಾಜಕುಮಾರರು ನಾಯಕರಾಗಿ ನಟಿಸಿದ ಮೊದಲ ಚಿತ್ರ. ಐವತ್ತೆರಡು ವರ್ಷಗಳ ನಂತರ ಮರಣಹೊಂದಿದಾಗ ಅವರ ಕಣ್ಣುಗಳು ದಾನವಾಗಿ ಸಂದವು. ನಟನು ತಾನು ಧರಿಸಿದ ಪಾತ್ರವನ್ನು ಕೊನೆಗೂ ಬಿಡಲಿಲ್ಲವೆನ್ನಬೇಕು. ಅತ್ತ ಕಣ್ಣುಗಳು ದಾನವಾಗುತ್ತಿದ್ದ ಹೊತ್ತಿನಲ್ಲಿಯೇ ಇತ್ತ ಅವರ ಹೆಸರನ್ನು ಕೂಗುತ್ತಿದ್ದ ಕೈಗಳು ಕಲ್ಲನ್ನು ಆರಿಸಿಕೊಳ್ಳುತ್ತಿದ್ದವು.

‘ಅಭಿಮಾನ’ ಎಂಬ ಶಬ್ದವನ್ನೇ ಸ್ವಲ್ಪ ವಿಚಾರಿಸಬೇಕು. ಇಂದು ಅದು ಮೆಚ್ಚುಗೆಯ ಮಾತು. ಶಾಸ್ತ್ರಪರಿಭಾಷೆಯಲ್ಲಿ ಹಾಗಲ್ಲ. ದೇಹಾಭಿಮಾನ, ಕುಲಾಭಿಮಾನ ಎಂಬಲ್ಲಿ ಅದರ ಅರ್ಥ ‘ಇದು ನಾನು, ಇದು ನನ್ನದು’ ಎಂಬ ಅಂಟು. ಷಟ್‌ಸ್ಥಲದ ಸಾಧನೆಯೆಲ್ಲ ಈ ಅಂಟನ್ನು ಬಿಡಿಸುವುದಕ್ಕಾಗಿಯೇ ಇದೆ. ಭಕ್ತಸ್ಥಲದಲ್ಲಿ ಸಡಿಲವಾಗತೊಡಗಿ ಐಕ್ಯದಲ್ಲಿ ಅದು ಅಳಿಯುತ್ತದೆ. ತಾರೆಯರ ಅಭಿಮಾನದಲ್ಲಿ ನಡೆಯುವುದು ಇದಕ್ಕೆ ತೀರ ವಿರುದ್ಧ. ಒಬ್ಬನ ಕೀರ್ತಿಗೆ ತನ್ನ ‘ನಾನು’ ಎಂಬುದನ್ನು ಕಟ್ಟಿ ಅಭಿಮಾನಿಯು ಅದನ್ನು ಊದಿಸುತ್ತಾನೆ. ನಾಯಕನ ಚಿತ್ರ ಗೆದ್ದರೆ ಇವನಿಗೆ ಗೆಲುವು, ಪ್ರತಿಸ್ಪರ್ಧಿಯ ಚಿತ್ರ ಸೋತರೆ ಇವನಿಗೆ ಹಬ್ಬ. ಅಷ್ಟಮದಗಳನ್ನು ಎಣಿಸಿದ ಹಿರಿಯರಿಗೆ ಪರರ ಕೀರ್ತಿಯಿಂದ ಏರುವ ಈ ಒಂಬತ್ತನೆಯ ಮದ ಗೊತ್ತಿರಲಿಲ್ಲವೇನೋ! ಆ ನಾಯಕನು ಸತ್ತಾಗ ಅಭಿಮಾನಿಗೆ ತೋರುವುದು ತನ್ನ ಸ್ವತ್ತನ್ನು ಯಾರೋ ಕಸಿದುಕೊಂಡರೆಂದು. ಅದರಿಂದಲೇ ದುಃಖದ ಬೆನ್ನಿಗೆ ಕ್ರೋಧ ಬರುತ್ತದೆ; ಕ್ರೋಧಕ್ಕೆ ಗುರಿಯಾಗಿ ಬಸ್ಸೋ ಪೊಲೀಸರೋ ಸಿಕ್ಕುತ್ತಾರೆ.

ರಾಜಕುಮಾರರು ಜನರನ್ನು ‘ಅಭಿಮಾನಿ ದೇವರುಗಳೇ’ ಎಂದು ಸಂಬೋಧಿಸುತ್ತಿದ್ದುದು ಲೋಕಪ್ರಸಿದ್ಧ. ಕಲಾವಿದನ ಬಾಯಲ್ಲಿ ಅದು ವಿನಯ. ಶರಣರು ಜಂಗಮದಲ್ಲಿ ದೇವರನ್ನು ಕಂಡ ದೃಷ್ಟಿಗೆ ಅದು ದೂರವೂ ಅಲ್ಲ. ಕೇಳಿದವನು ಅದನ್ನು ಪದವಿಯೆಂದು ಸ್ವೀಕರಿಸಿದಾಗ ಕೆಡುತ್ತದೆ. ದೇವರೆನ್ನಿಸಿಕೊಂಡವನಿಗೆ ಬೆಂಕಿ ಹಚ್ಚುವ ಅಧಿಕಾರವನ್ನು ಯಾರೂ ಕೊಟ್ಟಿರಲಿಲ್ಲ.

ಇದಕ್ಕೆ ಒಂದು ಆಕ್ಷೇಪ ಬರುವುದು ಸಹಜ. ದಿನವಿಡೀ ಕೂಲಿ ಮಾಡಿದವನು ಕತ್ತಲೆಯ ಚಿತ್ರಮಂದಿರದಲ್ಲಿ ಮೂರು ತಾಸು ಮಾನವಂತನಾಗಿ ಬದುಕಿದ್ದರೆ, ಆ ಬದುಕನ್ನು ಕೊಟ್ಟವನಿಗಾಗಿ ಅತ್ತರೆ, ಅದನ್ನು ವಿದ್ಯಾವಂತರು ಹೀಗಳೆಯಬಹುದೇ? ಹೀಗಳೆಯಬಾರದು. ಗೋಕಾಕ್ ಚಳವಳಿಯಲ್ಲಿ ಆ ನಟನ ಹಿಂದೆ ನಡೆದ ಜನಸಾಮಾನ್ಯರಿಂದ ಕನ್ನಡಕ್ಕೆ ಬಲ ಬಂದುದೂ ನಿಜ. ಕಣ್ಣೀರಿನ ಮೇಲೆ ಯಾರ ಆಕ್ಷೇಪವೂ ಇಲ್ಲ. 2006ರಲ್ಲಿ ಸತ್ತವರೂ ಸಾಮಾನ್ಯರ ಮನೆಯ ಮಕ್ಕಳೇ ಎಂಬುದನ್ನು ಮಾತ್ರ ಈ ಆಕ್ಷೇಪ ಮರೆಯುತ್ತದೆ. ದುಃಖಕ್ಕೆ ಮನ್ನಣೆ ಬೇಕು. ದುಃಖವನ್ನು ಮುಂದೊಡ್ಡಿ ಮಾಡಿದ ಹಿಂಸೆಗೆ ಮನ್ನಣೆಯನ್ನು ಕೇಳುವುದು ಅನ್ಯಾಯ.

2021ರ ಅಕ್ಟೋಬರ್ 29ರಂದು ಅವರ ಕಿರಿಯ ಪುತ್ರ ಪುನೀತ್ ರಾಜಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ನಾಡು ಬೇರೊಂದು ರೀತಿಯಲ್ಲಿ ನಡೆದುಕೊಂಡಿತೆಂಬುದನ್ನು ಒಪ್ಪಬೇಕು. ಕಂಠೀರವ ಕ್ರೀಡಾಂಗಣದ ಮುಂದೆ ಜನರು ಸಾಲುಗಟ್ಟಿ ನಿಂತರು. ತಂದೆಯಂತೆ ಮಗನ ಕಣ್ಣುಗಳೂ ದಾನವಾದವು. ನಾಲ್ವರಿಗೆ ದೃಷ್ಟಿ ಬಂದಿತು. ಅದನ್ನು ಕಂಡು ನೇತ್ರದಾನಕ್ಕೆ ಹೆಸರು ಬರೆಸಿದವರು ಬಹಳ. ಕಣ್ಣಪ್ಪನ ದಾರಿ ಇದು. ಆದರೆ ಅದೇ ದಿನಗಳಲ್ಲಿ ಕೆಲವರು ಅಭಿಮಾನಿಗಳು ಪ್ರಾಣವನ್ನೇ ಕಳೆದುಕೊಂಡರು. ಹಾಗೆ ಮಾಡಿಕೊಳ್ಳಬೇಡಿರೆಂದು ಶೋಕದಲ್ಲಿದ್ದ ಕುಟುಂಬದವರೇ ಬೇಡಿಕೊಳ್ಳಬೇಕಾಯಿತು. ತನ್ನ ಮನೆಯ ತಾಯಿಯನ್ನೂ ಮಕ್ಕಳನ್ನೂ ಅನಾಥರನ್ನಾಗಿಸುವ ಈ ಕೃತ್ಯವನ್ನು ‘ಅಮರ ಅಭಿಮಾನ’ವೆಂದು ಹೊಗಳಿ ಫಲಕ ಬರೆಸುವವರು ನಿಜಕ್ಕೂ ನಿಂದ್ಯರು. ಕಾಯವನ್ನು ಪ್ರಸಾದಕಾಯವೆಂದು ಬಗೆದ ಧರ್ಮವು ಅದನ್ನು ಚಿತ್ರನಟನಿಗೆ ಆಹುತಿ ಕೊಡುವುದನ್ನು ಒಪ್ಪಲಾರದು.

ಇನ್ನು ಸ್ಥಾವರದ ಮಾತು. ಡಾ. ವಿಷ್ಣುವರ್ಧನ್ ಅವರು 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ನಿಧನರಾದರು. ಅವರ ಸ್ಮಾರಕ ಎಲ್ಲಿರಬೇಕೆಂಬ ವಿವಾದ ವರ್ಷಗಟ್ಟಲೆ ಬೆಳೆಯಿತು. ಮೈಸೂರಿನ ಸ್ಮಾರಕ 2023ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಬೆಂಗಳೂರಿನಲ್ಲಿದ್ದ ಸಮಾಧಿಯನ್ನು 2025ರ ಆಗಸ್ಟ್‌ನಲ್ಲಿ ನೆಲಸಮಗೊಳಿಸಲಾಯಿತು. ಆ ಸಮಾಧಿಯಿದ್ದ ಸ್ಟುಡಿಯೋದ ಹೆಸರೂ ‘ಅಭಿಮಾನ್’ ಎಂಬುದೇ ಆಗಿದೆ! ನೊಂದವರ ನೋವು ಅರ್ಥವಾಗುವಂತಹುದು. ಸ್ಥಾವರಕ್ಕೂ ಜಂಗಮಕ್ಕೂ ಇರುವ ಅಂತರವನ್ನು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ತಿಳಿಸಿದ್ದರೂ, ಆ ವಚನವನ್ನು ಬಲ್ಲ ನಾಡು ಕಲ್ಲಿಗಾಗಿಯೇ ನ್ಯಾಯಾಲಯದ ಮೆಟ್ಟಿಲೇರುತ್ತದೆ. ಕಲ್ಲನಾಗರದ ವಚನವನ್ನು ಶಾಲೆಯಲ್ಲಿ ಕಂಠಪಾಠ ಮಾಡಿದ ಮಕ್ಕಳೇ ಬೆಳೆದು ಕಟೌಟಿಗೆ ಹಾಲೆರೆಯುತ್ತಾರೆ.

ಚಿತ್ರರಂಗವನ್ನಷ್ಟೇ ಬೈದು ಮಠದ ಭಕ್ತರು ನೆಮ್ಮದಿಯಿಂದ ಕೂರುವಂತಿಲ್ಲ. ಜಾತ್ರೆ ಬಂದರೆ ಸ್ವಾಮೀಜಿಯವರ ಭಾವಚಿತ್ರಕ್ಕಿಂತ ದೊಡ್ಡದಾಗಿ ಫ್ಲೆಕ್ಸಿನಲ್ಲಿ ಕಾಣುವುದು ಅದನ್ನು ಹಾಕಿಸಿದವರ ಮುಖಗಳು. ಒಂದು ಮಠದ ಭಕ್ತರು ಇನ್ನೊಂದು ಮಠದ ಗುರುಗಳನ್ನು ಕುರಿತು ಆಡುವ ಮಾತುಗಳಿಗೂ ಇಬ್ಬರು ನಟರ ಅಭಿಮಾನಿಗಳ ಜಗಳಕ್ಕೂ ಭೇದವೇನಿದೆ? ಲಿಂಗೈಕ್ಯರಾದ ಗುರುಗಳ ಅಂತಿಮ ದರ್ಶನದಲ್ಲಿ, ವಿಭೂತಿ ಧರಿಸಿದ ಹಣೆಯವರೇ ಮೊಬೈಲನ್ನು ಎತ್ತಿ ಹಿಡಿದು ಮುಂದಿನ ವೃದ್ಧರನ್ನು ನೂಕುತ್ತಾರೆ. ಮರಣವನ್ನು ಹಬ್ಬವೆಂದು ಕಂಡ ಶರಣರ ವಾರಸುದಾರರ ನಡೆ ಇದು.

ವಿಜಯಪುರದ ಜ್ಞಾನಯೋಗಾಶ್ರಮದ ಪೂಜ್ಯ ಶ್ರೀ ಸಿದ್ಧೇಶ್ವರ ಸ್ವಾಮಿಗಳು ಇದನ್ನೆಲ್ಲ ಬಲ್ಲವರಾಗಿದ್ದರೆಂದು ತೋರುತ್ತದೆ. 2018ರಲ್ಲಿ ಪದ್ಮಶ್ರೀಯನ್ನು ವಿನಯದಿಂದ ನಿರಾಕರಿಸಿದ್ದ ಅವರು, ತಮ್ಮ ದೇಹವನ್ನು ಹೂಳದೆ ಅಗ್ನಿಗೆ ಅರ್ಪಿಸಬೇಕು, ಚಿತಾಭಸ್ಮವನ್ನು ನದಿಯಲ್ಲಿಯೋ ಸಾಗರದಲ್ಲಿಯೋ ವಿಸರ್ಜಿಸಬೇಕು, ಸ್ಮಾರಕ ಕಟ್ಟಬಾರದು ಎಂದು ಮೊದಲೇ ಪತ್ರ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ದೇಹವನ್ನು ತ್ಯಜಿಸಿದಾಗ ಲಕ್ಷಾಂತರ ಜನರು ಬಂದರು. ಮರುದಿನ ಅಗ್ನಿಸ್ಪರ್ಶವಾಯಿತು. ಜಗಳವಾಡಲು ಕಲ್ಲೊಂದನ್ನೂ ಅವರು ಉಳಿಸಿಹೋಗಲಿಲ್ಲ.

ಸಿದ್ಧಗಂಗೆಯಲ್ಲಿ ಪೂಜ್ಯ ಡಾ. ಶಿವಕುಮಾರ ಮಹಾಸ್ವಾಮಿಗಳು ಲಿಂಗೈಕ್ಯರಾದುದು 2019ರ ಜನವರಿ 21ರ ಬೆಳಗ್ಗೆ 11.44ಕ್ಕೆ, ಆಗ ಅವರಿಗೆ 111 ವರ್ಷ. ಸುದ್ದಿ ಒಡನೆ ಹೊರಬೀಳಲಿಲ್ಲ. ಸುದ್ದಿ ಕೇಳಿದರೆ ಮಕ್ಕಳು ಊಟ ಬಿಡುವರೆಂಬುದು ಗುರುಗಳಿಗೆ ತಿಳಿದಿತ್ತು. ಅವರ ಇಚ್ಛೆಯೂ ಅದೇ ಆಗಿತ್ತು. ಸಾವಿರಾರು ವಿದ್ಯಾರ್ಥಿಗಳ ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆಯೇ ಪ್ರಕಟಣೆ ನೀಡಲಾಯಿತು.