ಆಫ್ರಿಕದ ಸೀಳು ಮತ್ತು ನಮ್ಮ ಅವಸರ

2018ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಕೀನ್ಯ ದೇಶದ ಮಾಯಿ ಮಹಿಯು ಎಂಬ ಊರಿನ ಬಳಿ, ಭಾರಿ ಮಳೆಯ ತರುವಾಯ, ನೆಲದಲ್ಲಿ ಆಳವಾದ ಕಂದರವೊಂದು ಬಾಯ್ದೆರೆಯಿತು. ಆಫ್ರಿಕ ಖಂಡ ಎರಡಾಗಿ ಸೀಳುತ್ತಿದೆ ಎಂಬ ಸುದ್ದಿ ಜಗತ್ತನ್ನೆಲ್ಲ ಸುತ್ತಿಬಂದಿತು. ಆ ಚಿತ್ರವನ್ನು ವಿದ್ಯಾರ್ಥಿಗಳು ಇಂದಿಗೂ ನನಗೆ ತಂದು ತೋರಿಸುವುದುಂಟು. ಖಂಡ ಸೀಳುತ್ತಿರುವುದು ನಿಜ, ಆದರೆ ಈ ಚಿತ್ರ ಅದಕ್ಕೆ ಸಾಕ್ಷಿಯಲ್ಲ ಎಂದಾಗ ಅವರ ಮುಖ ಬಾಡುತ್ತದೆ. ಸಡಿಲವಾದ ಜ್ವಾಲಾಮುಖಿ ಬೂದಿಯ ಮಣ್ಣನ್ನು ನೀರು ಒಳಗೊಳಗೇ ಕೊರೆದುದರಿಂದ ಮೇಲಿನ ನೆಲ ಕುಸಿಯಿತೆಂದು ಅನೇಕ ಭೂವಿಜ್ಞಾನಿಗಳು ಆಗಲೇ ವಿವರಿಸಿದ್ದರು. ಆ ವಿವರಣೆ ಸುದ್ದಿಯಷ್ಟು ದೂರ ಹೋಗಲಿಲ್ಲ.

ನಿಜವಾದ ಸೀಳು ಎಂತಹುದು? 1893ರಲ್ಲಿ ಗ್ರೆಗರಿ ಎಂಬ ಬ್ರಿಟಿಷ್ ಭೂವಿಜ್ಞಾನಿ ಕೀನ್ಯದ ಕಣಿವೆಯನ್ನು ಪರಿಶೀಲಿಸಿ, ಅದು ನದಿ ಕೊರೆದ ಕಣಿವೆಯಲ್ಲ, ನೆಲವೇ ಸ್ತರಭಂಗಗಳ ನಡುವೆ ಕುಸಿದು ಆದದ್ದು ಎಂದು ಪ್ರತಿಪಾದಿಸಿದನು. ಇಥಿಯೋಪಿಯದ ಅಫಾರ್ ತಗ್ಗಿನಿಂದ ಮೊಜಾಂಬಿಕ್‌ವರೆಗೆ ಇಂತಹ ಕಣಿವೆಗಳ ಸರಣಿ 3,000 ಕಿಲೊಮೀಟರಿಗೂ ಮಿಗಿಲಾಗಿ ಹಬ್ಬಿದೆ. ಅದರ ಇಕ್ಕೆಲದ ಭೂಫಲಕಗಳು ಇಥಿಯೋಪಿಯದ ಕಡೆ ವರ್ಷಕ್ಕೆ ಸುಮಾರು 6 ಮಿಲಿಮೀಟರಿನಷ್ಟು ಅಗಲುತ್ತಿವೆ. ದಕ್ಷಿಣಕ್ಕೆ ಹೋದಂತೆ ಇನ್ನೂ ಕಡಿಮೆ. ನಮ್ಮ ಬೆರಳಿನ ಉಗುರು ಎರಡು ತಿಂಗಳಲ್ಲಿ ಬೆಳೆಯುವಷ್ಟು ದೂರ ಸರಿಯಲು ಖಂಡಕ್ಕೆ ಒಂದು ವರ್ಷ ಬೇಕು.

ಈ ನಿಧಾನದ ಎಳೆತಕ್ಕೆ ಸಿಕ್ಕಿದ ಶಿಲೆ ಮನಬಂದಂತೆ ಒಡೆಯುವುದಿಲ್ಲ. ಸಾಮಾನ್ಯವಾಗಿ ಕಣಿವೆಯ ಒಂದು ಪಕ್ಕದಲ್ಲಿ ಮಾತ್ರ ದೊಡ್ಡ ಸ್ತರಭಂಗವೊಂದು ಮೂಡಿ, ನೆಲದ ಹಲಗೆ ಅದರತ್ತ ವಾಲಿಕೊಂಡು ಇಳಿಯುತ್ತದೆ. ಆ ಬದಿಯಲ್ಲಿ ಕಡಿದಾದ ಗೋಡೆ, ಎದುರು ಬದಿಯಲ್ಲಿ ಇಳಿಜಾರು. ಕಣಿವೆಯುದ್ದಕ್ಕೂ ಮುಂದೆ ಸಾಗಿದರೆ ಗೋಡೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬದಲಾಗುವುದನ್ನು ಕಾಣುತ್ತೇವೆ. ಹೀಗೆ ಒಂದರ ಮುಂದೊಂದು ತಗ್ಗುಗಳು ಜೋಡಿಸಿಕೊಂಡು, ನೀರೂ ಮೆಕ್ಕಲೂ ತುಂಬಿ ಸರೋವರಗಳಾಗುತ್ತವೆ. ಟಾಂಗನ್ಯೀಕ ಸರೋವರ ಇಂತಹುದೇ; ಅದರ ಆಳ ಸುಮಾರು 1,470 ಮೀಟರು. ಸೀಳಿನ ಎರಡು ಕವಲುಗಳ ನಡುವೆ ಹರಡಿರುವ ವಿಶಾಲವಾದ ವಿಕ್ಟೋರಿಯ ಸರೋವರವಾದರೋ ಹೆಚ್ಚೆಂದರೆ 80 ಮೀಟರಿನಷ್ಟು ಆಳವಿದೆ. ಸ್ತರಭಂಗದ ಕೈವಾಡವಿರುವ ತಗ್ಗಿಗೂ ಇಲ್ಲದ ತಗ್ಗಿಗೂ ಇರುವ ಅಂತರವಿದು.

ನಿಧಾನವೆಂದರೆ ನಿರಪಾಯವೆಂದು ಭಾವಿಸಬಾರದು. 2005ರ ಸೆಪ್ಟೆಂಬರಿನಲ್ಲಿ ಅಫಾರ್‌ನ ದಬ್ಬಾಹು ಪ್ರದೇಶದಲ್ಲಿ ಸುಮಾರು 60 ಕಿಲೊಮೀಟರ್ ಉದ್ದಕ್ಕೆ ಶಿಲಾರಸ ನೆಲದೊಳಕ್ಕೆ ನುಗ್ಗಿ, ಕೆಲವೇ ವಾರಗಳಲ್ಲಿ ನೆಲವನ್ನು ಕೆಲವೆಡೆ 8 ಮೀಟರಿನವರೆಗೆ ಅಗಲಿಸಿತು. ಶತಮಾನಗಳ ಸಾಲವನ್ನು ಭೂಮಿ ಒಮ್ಮೆಗೇ ತೀರಿಸಿತೆನ್ನಬಹುದು. 2009ರ ಡಿಸೆಂಬರಿನಲ್ಲಿ ಮಲಾವಿಯ ಕರೋಂಗ ಸೀಮೆಯಲ್ಲಿ ಸರಣಿ ಭೂಕಂಪಗಳಾಗಿ ಅನೇಕ ಮನೆಗಳು ಉರುಳಿದವು.

ಇಲ್ಲಿ ಒಂದು ಚಿಕ್ಕ ಲೆಕ್ಕವನ್ನು ವಾಚಕರು ಗಮನಿಸಬೇಕು. ಒಂದು ಸ್ತರಭಂಗದಲ್ಲಿ ವರ್ಷಕ್ಕೆ 2 ಮಿಲಿಮೀಟರಿನಂತೆ ಎಳೆತ ಸೇರುತ್ತದೆಂದು ಇಟ್ಟುಕೊಳ್ಳೋಣ. 2 ಮೀಟರು ಜಾರುವಷ್ಟು ಎಳೆತ ಕೂಡಲು ಸಾವಿರ ವರ್ಷ ಬೇಕಾಗುತ್ತದೆ. ಅಂದರೆ ಮುತ್ತಜ್ಜನ ಕಾಲದಿಂದಲೂ ಏನೂ ಆಗಿಲ್ಲವೆಂಬ ಊರಿನವರ ನಂಬಿಕೆ, ಎಷ್ಟೇ ಪ್ರಾಮಾಣಿಕವಾಗಿದ್ದರೂ, ಮುಂದಿನ ಕ್ಷೇಮಕ್ಕೆ ಆಧಾರವಾಗದು. ಮನುಷ್ಯನ ನೆನಪು ತಲಪದ ಕಡೆ ಶಿಲೆಯ ನೆನಪನ್ನು ಓದಬೇಕು: ಸ್ತರಭಂಗ ಎಲ್ಲಿದೆ, ಎಷ್ಟು ಉದ್ದವಿದೆ, ಹಿಂದೆ ಎಂದು ಜಾರಿತ್ತು ಎಂಬುದನ್ನು ತಿಳಿಯಬೇಕು.

ಆದುದರಿಂದಲೇ ಆ ಚಿತ್ರದ ಮೋಹ ನನಗೆ ಚಿಂತೆಯನ್ನುಂಟುಮಾಡುತ್ತದೆ. ಮಳೆ ಕೊರೆದ ಹಳ್ಳವನ್ನು ನೋಡಿ ಬೆಚ್ಚಿದ ಜನ, ಸದ್ದಿಲ್ಲದೆ ನಿಂತ ಬೆಟ್ಟದ ಗೋಡೆಯ ಬುಡದಲ್ಲಿ ನಿಶ್ಚಿಂತೆಯಿಂದ ಮನೆ ಕಟ್ಟುತ್ತಾರೆ. ಅಪಾಯವಿರುವುದು ಅಲ್ಲಿಯೇ. ಹಣವೂ ಎಚ್ಚರವೂ ಸಲ್ಲಬೇಕಾದುದು ಸ್ತರಭಂಗಗಳ ನಕ್ಷೆಗೆ, ಕಂಪನಮಾಪಕಗಳಿಗೆ, ಅಲುಗಿದರೂ ಉರುಳದ ಮನೆಗಳಿಗೆ. ವಿಜ್ಞಾನವನ್ನು ಬೋಧಿಸುವ ನಾವೂ ಬೆರಗನ್ನು ಹಂಚುವುದಷ್ಟಕ್ಕೇ ನಿಲ್ಲದೆ, ನಿಧಾನವನ್ನು ಅಳೆಯುವ ತಾಳ್ಮೆಯನ್ನು ಕಲಿಸಬೇಕು. ಖಂಡ ಎರಡಾಗಲು ಇನ್ನೂ ಲಕ್ಷಾಂತರ ವರ್ಷಗಳ ಮೇಲೆ ವರ್ಷಗಳು ಕಳೆಯಬೇಕು; ಆದರೆ ಮುಂದಿನ ಭೂಕಂಪ ಅಷ್ಟು ಕಾಲ ಕಾಯುವುದಿಲ್ಲ.